ದೇವರ ಸೇವೆ ಅಂದರೆ ಯಾರು ಯಾರಿಗೆ ಮಾಡುವ ಸೇವೆ?

"ದೇವರ ಸೇವೆ" ಎಂಬ ಎರಡು ಪದಗಳನ್ನು ಒಮ್ಮೆ ಬಿಡಿಸಿ ನೋಡಿ. ನಾವು ದೇವರಿಗೆ ಮಾಡುವ ಸೇವೆ ಎಂದೂ ಆಗುತ್ತದೆ, ದೇವರು ನಮಗೆ ಮಾಡುವ ಸೇವೆ ಎಂದೂ ಆಗುತ್ತದೆ. ಷಷ್ಠೀ ವಿಭಕ್ತಿ ಎರಡಕ್ಕೂ ಒಗ್ಗುತ್ತದೆ. "ತಾಯಿಯ ಸೇವೆ" ಅಂದಾಗ ಮಗ ತಾಯಿಗೆ ಮಾಡಿದ್ದೋ, ತಾಯಿ ಮಗನಿಗೆ ಮಾಡಿದ್ದೋ, ಮುಂದಿನ ಮಾತು ಬರುವ ತನಕ ಗೊತ್ತಾಗುವುದಿಲ್ಲ. ಜರ್ಮನ್ ಭಾಷೆಯಲ್ಲಿ ಭಾನುವಾರದ ಆರಾಧನೆಗೆ "ಗಾಟೆಸ್‌ಡೀನ್ಸ್ಟ್" ಅನ್ನುತ್ತಾರೆ. ಅದರ ಅರ್ಥವೂ ದೇವರ ಸೇವೆಯೇ, ಅಲ್ಲೂ ಇದೇ ಎರಡರ್ಥ. ಮಾರ್ಟಿನ್ ಲೂಥರ್ ತೋರಿದ ದಾರಿಯ ಪ್ರೊಟೆಸ್ಟೆಂಟ್ ಚರ್ಚು, ಅಂದರೆ ಲೂಥರನ್ ಸಭೆ, ಇದಕ್ಕೆ ಕೊಡುವ ಉತ್ತರ ಸ್ಪಷ್ಟ: ಮೊದಲು ದೇವರು ನಮಗೆ ಮಾಡುತ್ತಾನೆ, ನಮ್ಮದು ಆಮೇಲೆ. ಈ ದಿಕ್ಕನ್ನು ಹಿಡಿದುಕೊಂಡರೆ ಆ ಸಭೆಯ ನಂಬಿಕೆ, ಚರಿತ್ರೆ, ಮೇಜಿನ ಬಟ್ಟೆ ಒಗೆಯುವ ರೀತಿ, ಕಾಣಿಕೆ ಎಣಿಸುವ ನಿಯಮ ಎಲ್ಲವೂ ತಾನಾಗಿ ಅರ್ಥವಾಗುತ್ತಾ ಹೋಗುತ್ತವೆ.

ಮಾರ್ಟಿನ್ ಲೂಥರ್ ಎಡವಿದ್ದೂ ಇಂಥದೇ ಒಂದು ವಿಭಕ್ತಿಯಲ್ಲಿ. ವಿಟೆನ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಬೈಬಲ್ ಕಲಿಸುತ್ತಿದ್ದ ಈ ಸನ್ಯಾಸಿ ರೋಮಾಪುರದವರಿಗೆ ಬರೆದ ಪತ್ರಿಕೆಯ 1:17ರಲ್ಲಿ ಬರುವ "ದೇವರ ನೀತಿ" ಎಂಬ ಮಾತಿನ ಮುಂದೆ ನಿಂತುಬಿಟ್ಟರು. ದೇವರು ನೀತಿವಂತನಾಗಿದ್ದು ಪಾಪಿಗಳನ್ನು ದಂಡಿಸುವ ಆ ನೀತಿಯೇ? ಹಾಗಾದರೆ ಸುವಾರ್ತೆ, ಅಂದರೆ ಕ್ರಿಸ್ತನ ಒಳ್ಳೆಯ ಸುದ್ದಿ ಕೂಡ ಬೆದರಿಕೆಯೇ ಆಯಿತಲ್ಲ. ಆ ಮಾತನ್ನು ತಾನು ದ್ವೇಷಿಸುತ್ತಿದ್ದೆ ಎಂದು 1545ರಲ್ಲಿ, ಸಾಯುವ ಹಿಂದಿನ ವರ್ಷ, ತಮ್ಮ ಕೃತಿಗಳಿಗೆ ಬರೆದ ಮುನ್ನುಡಿಯಲ್ಲಿ ಅವರೇ ಹೇಳಿಕೊಂಡಿದ್ದಾರೆ. ಕೊನೆಗೆ ಹೊಳೆದದ್ದು ಇಷ್ಟು: ಅದು ದೇವರು ನಮ್ಮಿಂದ ಕೇಳುವ ನೀತಿಯಲ್ಲ, ಕ್ರಿಸ್ತನ ನಿಮಿತ್ತ ನಮಗೆ ಬಿಟ್ಟಿಯಾಗಿ ಕೊಡುವ ನೀತಿ. ಕೈಚಾಚಿ ತೆಗೆದುಕೊಳ್ಳುವುದಕ್ಕೆ ನಂಬಿಕೆ ಎಂದು ಹೆಸರು. ಎಫೆಸದವರಿಗೆ ಬರೆದ ಪತ್ರಿಕೆಯ 2:8-9 ಹೇಳುವುದೂ ಇದನ್ನೇ. ಇದನ್ನು "ನಂಬಿಕೆಯಿಂದ ನೀತಿವಂತರೆಂದು ನಿರ್ಣಯಿಸಲ್ಪಡುವುದು" ಎನ್ನುತ್ತಾರೆ. ಲೂಥರನ್ನರಿಗೆ ಸಭೆ ನಿಲ್ಲುವುದೂ ಬೀಳುವುದೂ ಈ ಒಂದು ಬೋಧನೆಯ ಮೇಲೆ.

1517ರ ಅಕ್ಟೋಬರ್ 31ರ ಕಥೆ ಎಲ್ಲರಿಗೂ ಗೊತ್ತು. ಪಾಪದ ಶಿಕ್ಷೆಯನ್ನು ಹಣಕ್ಕೆ ಇಳಿಸಿಕೊಡುವ ಕ್ಷಮಾಪತ್ರಗಳ ವಿರುದ್ಧ 95 ವಾದಾಂಶಗಳನ್ನು ಲೂಥರ್ ಅಂದು ಮೈನ್ಸ್‌ನ ಆರ್ಚ್‌ಬಿಷಪ್ ಆಲ್ಬ್ರೆಕ್ಟ್‌ಗೆ ಪತ್ರದ ಜತೆ ಕಳಿಸಿದ್ದು ಖಚಿತ. ದೇವಾಲಯದ ಬಾಗಿಲಿಗೆ ಸುತ್ತಿಗೆ ಹಿಡಿದು ಮೊಳೆ ಹೊಡೆದ ಚಿತ್ರದ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಸುತ್ತಿಗೆಗಿಂತ ಸಭೆಗೆ ಮುಖ್ಯವಾದ ದಿನ 1530ರ ಜೂನ್ 25. ಅಂದು ಆಗ್ಸ್‌ಬರ್ಗ್‌ನಲ್ಲಿ ಚಕ್ರವರ್ತಿ ಐದನೆಯ ಚಾರ್ಲ್ಸ್‌ನ ಮುಂದೆ 28 ಲೇಖಗಳ ವಿಶ್ವಾಸದ ಅರಿಕೆಯನ್ನು ಜರ್ಮನ್‌ನಲ್ಲಿ ಗಟ್ಟಿಯಾಗಿ ಓದಲಾಯಿತು. ಬರೆದವರು ಲೂಥರರ ಸಹೋದ್ಯೋಗಿ ಫಿಲಿಪ್ ಮೆಲಾಂಕ್ಟನ್. ಲೂಥರ್ ಅಲ್ಲಿರಲಿಲ್ಲ. 1521ರಲ್ಲಿ ವರ್ಮ್ಸ್ ಪಟ್ಟಣದಲ್ಲಿ ಚಕ್ರವರ್ತಿ ನಡೆಸಿದ ರಾಜಸಭೆಯ ನಂತರ ಅವರು ಕಾನೂನಿನ ರಕ್ಷಣೆ ಕಳೆದುಕೊಂಡವರು, ಹಾಗಾಗಿ ದೂರದ ಕೋಬರ್ಗ್ ಕೋಟೆಯಲ್ಲೇ ಉಳಿಯಬೇಕಾಯಿತು. ಆ ಅರಿಕೆಯೂ ನಂಬಿಕೆಯ ಪಾಠ ಕಲಿಸಲು ಲೂಥರ್ ಬರೆದ ಎರಡು ಪ್ರಶ್ನೋತ್ತರ ಪುಸ್ತಕಗಳೂ ಇನ್ನಿತರ ಬರಹಗಳೂ ಸೇರಿ 1580ರಲ್ಲಿ ಒಂದೇ ಸಂಪುಟವಾಗಿ ಹೊರಬಂದವು. ಇಂದಿಗೂ ಲೂಥರನ್ ಪಾಸ್ಟರ್ ಅಭಿಷೇಕದ ದಿನ ಮಾತು ಕೊಡುವುದು ಈ ಅರಿಕೆಗಳಿಗೆ ಅನುಸಾರವಾಗಿ ಬೋಧಿಸುತ್ತೇನೆಂದು.

ಆಗ್ಸ್‌ಬರ್ಗ್ ಅರಿಕೆಯ ಏಳನೆಯ ಲೇಖವನ್ನು ಪ್ರತಿ ಸಭಾ ಸಮಿತಿಯವರೂ ಬಾಯಿಪಾಠ ಮಾಡಿಕೊಳ್ಳಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಅದರ ಸಾರ: ಎಲ್ಲಿ ಸುವಾರ್ತೆಯನ್ನು ಶುದ್ಧವಾಗಿ ಸಾರುತ್ತಾರೋ, ದೀಕ್ಷಾಸ್ನಾನ, ಕರ್ತನ ಭೋಜನದಂಥ ಸಂಸ್ಕಾರಗಳನ್ನು ಸುವಾರ್ತೆಗೆ ಸರಿಯಾಗಿ ನಡೆಸುತ್ತಾರೋ ಅಲ್ಲಿ ಸಭೆ ಇದೆ. ಐಕ್ಯತೆಗೆ ಅಷ್ಟೇ ಸಾಕು. ಮನುಷ್ಯರು ಮಾಡಿಕೊಂಡ ಆಚಾರಗಳು ಎಲ್ಲ ಕಡೆ ಒಂದೇ ಥರ ಇರಬೇಕಿಲ್ಲ. ಸ್ವೀಡನ್‌ನ ಸಭೆಯಲ್ಲಿ ಬಿಷಪ್ಪರಿದ್ದಾರೆ. ಬೇರೆ ಕಡೆ ಸಿನೋಡ್ ಎಂಬ ಆಡಳಿತ ಮಂಡಳಿಗಳಿವೆ, ಅಧ್ಯಕ್ಷರಿದ್ದಾರೆ. ಒಂದು ಕಡೆ ಧೂಪ, ಜರಿಯ ನಿಲುವಂಗಿ. ಇನ್ನೊಂದು ಕಡೆ ಕಪ್ಪು ಅಂಗಿ, ಕುತ್ತಿಗೆಗೆ ಬಿಳಿ ಪಟ್ಟಿ. ಎಲ್ಲವೂ ಲೂಥರನ್ ಸಭೆಯೇ. ಪರದೆಯ ಬಣ್ಣಕ್ಕೆ, ಬೆಂಚು ಹಾಕುವ ದಿಕ್ಕಿಗೆ ಸಭೆ ಒಡೆಯುವ ಮಟ್ಟಕ್ಕೆ ಜಗಳವಾಡುವವರು ಈ "ಅಷ್ಟೇ ಸಾಕು" ಎಂಬ ಮಾತನ್ನು ಮರೆತಿರುತ್ತಾರೆ.

ಇನ್ನು ಭಾನುವಾರದ ಕ್ರಮ. ಹೊಸಬರಿಗೆ ಇದು ಎದ್ದು ಕೂತು ಓದುವ ಉದ್ದನೆಯ ಪಟ್ಟಿಯಂತೆ ಕಾಣುತ್ತದೆ. ಪ್ರತಿ ಭಾಗಕ್ಕೂ "ಇದು ಮೇಲಿಂದ ಕೆಳಗೋ, ಕೆಳಗಿಂದ ಮೇಲಕ್ಕೋ?" ಎಂದು ಕೇಳುತ್ತಾ ಹೋದರೆ ಹಾದಿ ತಿಳಿಯುತ್ತದೆ. ಶುರುವಿಗೆ ಪಾಪದ ಅರಿಕೆ, ಅದು ನಮ್ಮದು. ಕೂಡಲೇ ಪಾಸ್ಟರ್ ಎದ್ದು ನಿಂತು ಹೇಳುವ ಪಾಪಕ್ಷಮೆ ದೇವರದು. ಇಲ್ಲಿ ಆಗುವ ತಪ್ಪೊಂದಿದೆ. "ದೇವರು ನಮ್ಮನ್ನು ಕ್ಷಮಿಸಲಿ" ಎಂದು ಹಾರೈಕೆಯ ರೂಪದಲ್ಲಿ ಹೇಳಿ ಮುಗಿಸಿಬಿಡುವುದು. ಲೂಥರನ್ ಕ್ರಮದಲ್ಲಿ ಪಾಪಕ್ಷಮೆ ಹಾರೈಕೆಯಲ್ಲ, ತೀರ್ಪಿನ ಘೋಷಣೆ: ಕ್ರಿಸ್ತನ ಆಜ್ಞೆಯ ಪ್ರಕಾರ ನಿಮ್ಮ ಪಾಪಗಳು ಕ್ಷಮಿಸಲ್ಪಟ್ಟಿವೆ. ಕ್ರಿಯಾಪದದ ಆ ಕೊನೆಯೊಂದು ಬದಲಾದರೆ ಕುಳಿತವನು ಸಂಶಯದಲ್ಲೇ ಮನೆಗೆ ಹೋಗುತ್ತಾನೆ. ಆಮೇಲೆ ಕರುಣಿಸು ಎಂಬ ಮೊರೆ, ಸ್ತುತಿ, ಹಳೆಯ ಒಡಂಬಡಿಕೆ, ಕೀರ್ತನೆ, ಪತ್ರಿಕೆ, ನಿಂತುಕೊಂಡು ಕೇಳುವ ಸುವಾರ್ತೆ, ಪಾಸ್ಟರ್ ಮಾಡುವ ಪ್ರಸಂಗ, ವಿಶ್ವಾಸ ಪ್ರಮಾಣ, ಪ್ರಾರ್ಥನೆ, ಕಾಣಿಕೆ, ರೊಟ್ಟಿ ದ್ರಾಕ್ಷಾರಸ ಹಂಚುವ ಕರ್ತನ ಭೋಜನ, ಆಶೀರ್ವಾದ.

ಪ್ರಸಂಗಕ್ಕೂ ಒಂದು ಪರೀಕ್ಷೆ ಇದೆ. ದೇವರ ಮಾತು ಎರಡು ಕೆಲಸ ಮಾಡುತ್ತದೆ ಅನ್ನುತ್ತಾರೆ ಲೂಥರನ್ನರು: ಧರ್ಮಶಾಸ್ತ್ರ ಮಾಡಬೇಕಾದ್ದನ್ನು ಹೇಳಿ ನಮ್ಮ ಸೋಲನ್ನು ತೋರಿಸುತ್ತದೆ, ಸುವಾರ್ತೆ ಕ್ರಿಸ್ತನು ಮಾಡಿ ಮುಗಿಸಿದ್ದನ್ನು ಕೊಡುತ್ತದೆ. ಪ್ರಸಂಗ ಕೆಡುವುದು ಹೆಚ್ಚಾಗಿ ಕೊನೆಯ ಐದು ನಿಮಿಷದಲ್ಲಿ. ಕ್ಷಮೆಯನ್ನು ಚೆನ್ನಾಗಿ ಸಾರಿ, ಮುಗಿಸುವಾಗ "ಆದ್ದರಿಂದ ನಾವೆಲ್ಲ ಇನ್ನೂ ಹೆಚ್ಚು ಪ್ರಯತ್ನಿಸಬೇಕು" ಎಂದು ಬಿಟ್ಟರೆ ಕೊಟ್ಟದ್ದನ್ನು ಬಾಗಿಲ ಬಳಿ ವಾಪಸು ಕಿತ್ತುಕೊಂಡಂತೆ. ಪ್ರಸಂಗವನ್ನು ಬರೆದ ಮೇಲೆ ಎಲ್ಲ ವಾಕ್ಯಗಳ ಕರ್ತೃವನ್ನು ಗುರುತು ಹಾಕಿ ನೋಡುವುದು ಒಳ್ಳೆಯ ಅಭ್ಯಾಸ. "ನಾವು", "ನೀವು" ಎಂಬ ಕರ್ತೃಗಳೇ ತುಂಬಿಕೊಂಡು "ಕ್ರಿಸ್ತನು" ಎಂಬುದು ಎರಡೋ ಮೂರೋ ಕಡೆ ಮಾತ್ರ ಇದ್ದರೆ ಮತ್ತೆ ಬರೆಯಬೇಕು.

ಕರ್ತನ ಭೋಜನಕ್ಕೆ ಬರೋಣ. 1529ರ ಅಕ್ಟೋಬರಿನಲ್ಲಿ ಮಾರ್ಬುರ್ಗ್‌ನಲ್ಲಿ ಲೂಥರ್ ಮತ್ತು ಜ್ಯೂರಿಕ್‌ನ ಸುಧಾರಕ ಜ್ವಿಂಗ್ಲಿ ಕೂತು ಮಾತಾಡಿದರು. 15 ಅಂಶಗಳಲ್ಲಿ 14ಕ್ಕೆ ಒಪ್ಪಿಗೆಯಾಯಿತು. ಉಳಿದದ್ದು ಈ ಮೇಜು. "ಇದು ನನ್ನ ದೇಹ" ಎಂಬ ಮಾತನ್ನು ಲೂಥರ್ ಸೀಮೆಸುಣ್ಣದಿಂದ ಮೇಜಿನ ಮೇಲೆ ಬರೆದಿಟ್ಟುಕೊಂಡೇ ವಾದಕ್ಕೆ ಕೂತಿದ್ದರು. ಲೂಥರನ್ನರಿಗೆ ರೊಟ್ಟಿ ಕೇವಲ ನೆನಪಿನ ಗುರುತಲ್ಲ. ರೊಟ್ಟಿ ರೊಟ್ಟಿಯಾಗಿ ಉಳಿಯದೆ ಮಾಯವಾಗುವುದೂ ಇಲ್ಲ. ರೊಟ್ಟಿ ದ್ರಾಕ್ಷಾರಸಗಳಲ್ಲಿ, ಅವುಗಳೊಂದಿಗೆ, ಅವುಗಳ ಅಡಿಯಲ್ಲಿ ಕ್ರಿಸ್ತನ ದೇಹವೂ ರಕ್ತವೂ ನಿಜವಾಗಿ ಕೊಡಲ್ಪಡುತ್ತವೆ. ಹೇಗೆ ಎಂದು ವಿವರಿಸುವ ಗೋಜಿಗೆ ಹೋಗುವುದಿಲ್ಲ, ಮಾತು ಕೊಟ್ಟವನನ್ನು ನಂಬಿದರೆ ಆಯಿತು. ಈ ಭೋಜನಕ್ಕೆ ಯೋಗ್ಯ ಯಾರು? ಉಪವಾಸ, ಶುಚಿ ಎಲ್ಲ ಒಳ್ಳೆಯ ಹೊರಗಿನ ಶಿಸ್ತೇ, ಆದರೆ "ನಿಮಗಾಗಿ" ಎಂಬ ಮಾತನ್ನು ನಂಬುವವನೇ ನಿಜವಾಗಿ ಯೋಗ್ಯ ಎನ್ನುತ್ತದೆ ಲೂಥರರ ಚಿಕ್ಕ ಪ್ರಶ್ನೋತ್ತರ.

ಇಂಥ ನಂಬಿಕೆ ಇರುವಲ್ಲಿ ಮೇಜು ಸಿದ್ಧಪಡಿಸುವ ಕೆಲಸವನ್ನು ಹಗುರವಾಗಿ ತೆಗೆದುಕೊಳ್ಳಲಾಗದು. ಶನಿವಾರ ಸಂಜೆ ಅದಕ್ಕೆಂದೇ ಒಂದು ಗುಂಪು ಬರುತ್ತದೆ. ನೂರು ಜನ ಬರುವ ಸಭೆಯಾದರೆ ವೇಫರ್ ರೊಟ್ಟಿ ಎಣಿಸಿ 110 ಇಡಬೇಕು. ಹತ್ತು ಶೇಕಡಾ ಹೆಚ್ಚಿಗೆ ಸಾಕು, ಅದಕ್ಕಿಂತ ಜಾಸ್ತಿ ಇಟ್ಟರೆ ಉಳಿದದ್ದನ್ನು ಏನು ಮಾಡುವುದೆಂಬ ಪ್ರಶ್ನೆ ಬರುತ್ತದೆ. ಒಂದೇ ಬಟ್ಟಲಿನಿಂದ ಕುಡಿಯುವ ಕಡೆ ಒಬ್ಬರ ಗುಟುಕಿಗೆ 5 ಮಿಲಿ ಲೆಕ್ಕ, ನೂರು ಜನಕ್ಕೆ ಅರ್ಧ ಲೀಟರ್. ಚಿಕ್ಕ ಲೋಟಗಳಾದರೆ ಒಂದೊಂದರಲ್ಲಿ ಸುಮಾರು 10 ಮಿಲಿ ಹಿಡಿಯುತ್ತದೆ. ಅಂಚಿನ ತನಕ ತುಂಬಿದರೆ ಮುದುಕರ ನಡುಗುವ ಕೈಯಲ್ಲಿ ಚೆಲ್ಲುತ್ತದೆ, ಹಾಗಾಗಿ ಮೂರರಲ್ಲಿ ಎರಡು ಪಾಲು ತುಂಬಬೇಕು. 750 ಮಿಲಿಯ ಒಂದು ಬಾಟಲಿ ನೂರು ಲೋಟಕ್ಕೆ ಸರಿಹೋಗುತ್ತದೆ. 40 ಲೋಟ ಹಿಡಿಯುವ ತಟ್ಟೆಯಾದರೆ ಮೂರು ತಟ್ಟೆ ಬೇಕು. ಜಗ್ಗಿನಿಂದ ಸುರಿಯಲು ಹೋಗಬಾರದು, ಮೂತಿ ಸಣ್ಣಗಿರುವ ಒತ್ತುವ ಬಾಟಲಿ ಇಟ್ಟುಕೊಂಡರೆ ಒಂದು ಹನಿಯೂ ಹೊರಗೆ ಬೀಳುವುದಿಲ್ಲ.

ಗೋಧಿಯ ಅಂಟು (ಗ್ಲುಟೆನ್) ಒಗ್ಗದವರಿಗೆ ಬೇರೆ ವೇಫರ್ ಇಡುವ ಸಭೆಗಳಲ್ಲಿ ಪದೇ ಪದೇ ಆಗುವ ತಪ್ಪು ಒಂದೇ: ಅದನ್ನೂ ಅದೇ ತಟ್ಟೆಯ ಮೂಲೆಯಲ್ಲಿ ಇಡುವುದು. ಪಕ್ಕದ ರೊಟ್ಟಿಯ ಪುಡಿ ತಾಗಿದರೆ ಇಟ್ಟೂ ಪ್ರಯೋಜನವಿಲ್ಲ. ಮುಚ್ಚಳವಿರುವ ಪುಟ್ಟ ಡಬ್ಬಿಯೇ ಬೇಕು, ಮುಚ್ಚಳ ತೆರೆದು ಹಿಡಿದರೆ ತಾವೇ ತೆಗೆದುಕೊಳ್ಳುತ್ತಾರೆ. ರೊಟ್ಟಿಯನ್ನು ರಸದಲ್ಲಿ ಅದ್ದಿ ತಿನ್ನುವ ರೂಢಿ ಇದ್ದರೆ ಆ ಬಟ್ಟಲಿನ ರಸದಲ್ಲೂ ಪುಡಿ ಇರುತ್ತದೆ, ಹಾಗಾಗಿ ಅವರಿಗೆ ಪ್ರತ್ಯೇಕ ಲೋಟ. ಅದ್ದುವುದು ಹೆಚ್ಚು ಶುಚಿ ಎಂದು ಹಲವರು ಭಾವಿಸುತ್ತಾರೆ, ಆದರೆ ಅದ್ದುವಾಗ ಬೆರಳ ತುದಿಗಳೂ ರಸಕ್ಕೆ ಮುಟ್ಟುತ್ತವೆ. ಬಟ್ಟಲಿನ ಅಂಚನ್ನು ಒಳಗೂ ಹೊರಗೂ ಒರೆಸಿ, ಪ್ರತಿ ಸಲ ಸ್ವಲ್ಪ ತಿರುಗಿಸಿ ಕೊಡುವುದೇ ಮೇಲು. ಮಣ್ಣಿನ ಬಟ್ಟಲು ನೋಡಲು ಚೆಂದ, ಆದರೆ ಅದಕ್ಕೆ ಸಣ್ಣ ರಂಧ್ರಗಳಿರುತ್ತವೆ. ಬೆಳ್ಳಿಯದೋ ಒಳಗೆ ಚಿನ್ನದ ಲೇಪವಿರುವುದೋ ವಾಸಿ.

ಬಟ್ಟೆಗಳ ವಿಷಯ ಕೇಳಿದರೆ ಇದಕ್ಕೂ ನಂಬಿಕೆಗೂ ಏನು ಸಂಬಂಧ ಅನ್ನಿಸಬಹುದು. ಸಂಬಂಧವಿದೆ. ಮೇಜಿನ ಮೇಲಿನ ದೊಡ್ಡ ಬಿಳಿ ನಾರುಬಟ್ಟೆಯನ್ನು ಮಡಿಸಿಡಬಾರದು, ದಪ್ಪ ಕೊಳವೆಗೆ ಸುತ್ತಿಡಬೇಕು. ಮಡಿಸಿದರೆ ಗೆರೆ ಮೂಡಿ ಕಾಲಕ್ರಮೇಣ ಅಲ್ಲೇ ಹರಿಯುತ್ತದೆ. ಬಟ್ಟಲು ಒರೆಸುವ ಚಿಕ್ಕ ಬಟ್ಟೆಗೆ ಗಂಜಿ ಹಾಕಬಾರದು, ಗಂಜಿ ಹಾಕಿದ ಬಟ್ಟೆ ತೇವ ಹೀರುವುದಿಲ್ಲ, ಅಂಚಿನ ಮೇಲೆ ಜಾರುತ್ತದೆ ಅಷ್ಟೆ. ಆರಾಧನೆ ಮುಗಿದ ಕೂಡಲೇ ಇವನ್ನು ತಣ್ಣೀರಿನಲ್ಲಿ ಅದ್ದಿ ತೊಳೆದು, ಆ ನೀರನ್ನು ಚರಂಡಿಗಲ್ಲದೆ ಮಣ್ಣಿಗೆ ಚೆಲ್ಲುವುದು ಹಳೆಯ ಪದ್ಧತಿ. ದ್ರಾಕ್ಷಾರಸದ ಕಲೆ ಪೂರ್ತಿ ಹೋಗುವ ಮುಂಚೆ ಇಸ್ತ್ರಿ ತಾಗಿಸಿದರೆ ಮುಗಿಯಿತು, ಬಿಸಿಗೆ ಕಲೆ ಕಚ್ಚಿಕೊಂಡುಬಿಡುತ್ತದೆ. ಬ್ಲೀಚ್ ಕಲೆಯನ್ನು ತೆಗೆದರೂ ನಾರನ್ನು ತಿನ್ನುತ್ತದೆ. ಮೇಣ ಬಿದ್ದಿದ್ದರೆ ಮಂಜುಗಡ್ಡೆ ಇಟ್ಟು ಗಟ್ಟಿ ಮಾಡಿ, ಮೊಂಡು ಚಾಕುವಿನಿಂದ ಕೆರೆದು, ಮಿಕ್ಕದ್ದನ್ನು ಹೀರುವ ಕಾಗದದ ನಡುವೆ ಇಟ್ಟು ಬೆಚ್ಚಗಿನ ಇಸ್ತ್ರಿ ಒತ್ತಿ ತೆಗೆಯಬೇಕು. ಇದನ್ನೆಲ್ಲ ಮಾಡುವವರ ಹೆಸರು ಪ್ರಕಟಣೆಯಲ್ಲಿ ಬರುವುದಿಲ್ಲ. ಇವರ ಕೈಗೆಲಸದ ಮೇಲೆಯೇ ಮರುದಿನ "ನಿಮಗಾಗಿ ಕೊಡಲ್ಪಟ್ಟದ್ದು" ಎಂಬ ಮಾತು ಬಂದು ಕೂರುತ್ತದೆ.

ಉಳಿದ ರೊಟ್ಟಿ ರಸಗಳನ್ನು ಮತ್ತೆ ಹೊಸ ಡಬ್ಬಿಗೆ, ಬಾಟಲಿಗೆ ಬೆರೆಸಬಾರದು. ಅಲ್ಲೇ ತಿಂದು ಕುಡಿದು ಮುಗಿಸುವುದು ಒಂದು ರೀತಿ, ಹಾಸಿಗೆ ಹಿಡಿದವರ ಮನೆಗೆ ಅಂದೇ ಒಯ್ಯುವುದು ಇನ್ನೊಂದು. ಎರಡನೆಯದನ್ನು ರೂಢಿಸಿಕೊಂಡ ಸಭೆಯಲ್ಲಿ ಯಾರು ಯಾರ ಮನೆಗೆ ಎಂಬ ಪಟ್ಟಿ ಶನಿವಾರವೇ ಸಿದ್ಧವಿರಬೇಕು. ಆರಾಧನೆ ಮುಗಿದ ಮೇಲೆ ನಿಂತು ಹಂಚಿಕೊಳ್ಳಲು ಹೊರಟರೆ ಯಾವುದಾದರೊಂದು ಮನೆ ತಪ್ಪಿಯೇ ಹೋಗುತ್ತದೆ.

ದೀಕ್ಷಾಸ್ನಾನದಲ್ಲಿ ಇದೇ ದಿಕ್ಕು ಇನ್ನೂ ಎದ್ದು ಕಾಣುತ್ತದೆ. ಇನ್ನೂ ಮಾತೇ ಬಾರದ ಕೂಸಿಗೆ ಯಾಕೆ ಎಂದು ಕೇಳುವವರಿಗೆ ಲೂಥರನ್ ಉತ್ತರ: ಕೊಡುವವನು ದೇವರಾದ್ದರಿಂದ ಪಡೆಯುವವರ ವಯಸ್ಸು ಅಡ್ಡಿಯಲ್ಲ. ಬರೀ ನೀರು ಏನೂ ಮಾಡದು; ನೀರಿನಲ್ಲಿ, ನೀರಿನೊಂದಿಗೆ ಇರುವ ದೇವರ ವಾಕ್ಯವೂ ಆ ವಾಕ್ಯವನ್ನು ನೆಚ್ಚುವ ನಂಬಿಕೆಯೂ ಮಾಡುತ್ತವೆ. ಬೆಚ್ಚಗಿನ ನೀರು ಒಂದು ಲೀಟರ್ ಇದ್ದರೆ ಸಾಕು. ತಲೆಯ ಮೇಲೆ ಮೂರು ಸಲ, ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ. ನೀರು ಹರಿಯಬೇಕು, ಒದ್ದೆ ಬೆರಳು ಮುಟ್ಟಿಸಿ ಮುಗಿಸಬಾರದು. ಮಗು ಅತ್ತರೆ ಅಳಲಿ. ಆ ಮೂರು ಹೆಸರುಗಳನ್ನು ಬದಲಿಸಿ ಹೊಸ ಪದ ಹಾಕುವುದು ದೊಡ್ಡ ತಪ್ಪು, ಬೇರೆ ಸಭೆಗಳು ಅದನ್ನು ದೀಕ್ಷಾಸ್ನಾನವೆಂದೇ ಒಪ್ಪುವುದಿಲ್ಲ. ಮಗುವಿನ ಜೀವಕ್ಕೆ ಅಪಾಯವಿದ್ದರೆ ಪಾಸ್ಟರ್‌ಗಾಗಿ ಕಾಯಬೇಕಿಲ್ಲ. ಯಾವ ಕ್ರೈಸ್ತರಾದರೂ, ನರ್ಸಾದರೂ ತಾಯಿಯಾದರೂ, ನೀರು ಹೊಯ್ದು ಆ ಮಾತು ಹೇಳಿದರೆ ಆಯಿತು. ಮಗು ಉಳಿದರೆ ಆಮೇಲೆ ಸಭೆಯ ಮುಂದೆ ಅದನ್ನು ದೃಢಪಡಿಸುತ್ತಾರೆ, ಎರಡನೆಯ ಸಲ ನೀರು ಹೊಯ್ಯುವುದಿಲ್ಲ. ದಾಖಲೆ ಪುಸ್ತಕದಲ್ಲಿ ಹೆಸರಿನ ಅಕ್ಷರಗಳನ್ನು ತಂದೆತಾಯಿಗೆ ತೋರಿಸಿಯೇ ಬರೆಯಬೇಕು. ಇಲ್ಲಿ ಒಂದು ಒತ್ತು ತಪ್ಪಿದರೆ ಇಪ್ಪತ್ತೈದು ವರ್ಷದ ನಂತರ ಮದುವೆಯ ಹೊತ್ತಿಗೆ ಪತ್ತೆಯಾಗುತ್ತದೆ.

1528ರಲ್ಲಿ ಲೂಥರ್ ಸ್ಯಾಕ್ಸನಿಯ ಹಳ್ಳಿಗಳ ಸಭೆಗಳನ್ನು ಸುತ್ತಿ ನೋಡಿದರು. ಜನರಿಗೆ ಕರ್ತನ ಪ್ರಾರ್ಥನೆಯೂ ಬಾರದು, ಎಷ್ಟೋ ಪಾಸ್ಟರುಗಳಿಗೆ ಕಲಿಸಲೂ ಬಾರದು. ಆ ದುಃಖದಲ್ಲಿ ಮರುವರ್ಷ ಬರೆದದ್ದೇ ಚಿಕ್ಕ ಪ್ರಶ್ನೋತ್ತರ. ಮೊದಲು ಅದು ಬಂದದ್ದು ಗೋಡೆಗೆ ಅಂಟಿಸುವ ಹಾಳೆಗಳಾಗಿ. ಹತ್ತು ಆಜ್ಞೆಗಳು, ವಿಶ್ವಾಸ ಪ್ರಮಾಣ, ಕರ್ತನ ಪ್ರಾರ್ಥನೆ, ದೀಕ್ಷಾಸ್ನಾನ, ಪಾಪದ ಅರಿಕೆ, ಕರ್ತನ ಭೋಜನ ಇಷ್ಟೇ ವಿಷಯ, ಮತ್ತೆ ಮತ್ತೆ ಒಂದೇ ಪ್ರಶ್ನೆ: "ಇದರ ಅರ್ಥವೇನು?" ಮುನ್ನುಡಿಯಲ್ಲಿ ಕಲಿಸುವ ಕ್ರಮವನ್ನೂ ಕೊಟ್ಟಿದ್ದಾರೆ. ಮೊದಲು ಒಂದು ಪಾಠವನ್ನು ಆರಿಸಿಕೊಂಡು ಒಂದಕ್ಷರವೂ ಬದಲಿಸದೆ ವರ್ಷ ವರ್ಷ ಅದನ್ನೇ ಬಾಯಿಪಾಠ ಮಾಡಿಸಿ. ಅದು ಬಂದ ಮೇಲೆ ಅರ್ಥ ಹೇಳಿ. ಅದೂ ಆದ ಮೇಲೆ ವಿಸ್ತಾರಕ್ಕೆ ಹೋಗಿ. ಐನೂರು ವರ್ಷವಾಗುತ್ತ ಬಂದರೂ ತರಗತಿಗಳು ಹಾಳಾಗುವುದು ಈ ಮೊದಲ ಮಾತನ್ನು ಮೀರಿದ್ದರಿಂದಲೇ. ಅಜ್ಜಿ ಕಲಿಸಿದ್ದು ಹಳೆಯ ಅನುವಾದ, ತರಗತಿಯಲ್ಲಿ ಹೊಸದು, ಭಾನುವಾರ ಶಾಲೆಯಲ್ಲಿ ಮೂರನೆಯದು. ಮಗುವಿಗೆ ಯಾವುದೂ ನಿಲ್ಲುವುದಿಲ್ಲ. ಯಾವುದು ಉತ್ತಮ ಅನುವಾದ ಎಂಬ ಚರ್ಚೆಯನ್ನು ದೊಡ್ಡವರು ಮುಗಿಸಿ ಒಂದನ್ನು ಆರಿಸಿ, ಅದೇ ಪ್ರತಿಯನ್ನು ಮನೆಗೂ ಕೊಡಬೇಕು.

ಇನ್ನೊಂದು ಗೊಂದಲ ಆಜ್ಞೆಗಳ ಎಣಿಕೆಯದು. ಲೂಥರನ್ನರು ಕ್ಯಾಥೊಲಿಕರಂತೆ ಎಣಿಸುತ್ತಾರೆ: ಬೇರೆ ದೇವರುಗಳ ಮತ್ತು ವಿಗ್ರಹದ ಮಾತು ಸೇರಿ ಒಂದೇ ಆಜ್ಞೆ, ಆಶಿಸಬೇಡ ಎಂಬುದು ಒಂಬತ್ತು ಹತ್ತಾಗಿ ಎರಡು. ಹಾಗಾಗಿ ತಂದೆತಾಯಿಯರನ್ನು ಸನ್ಮಾನಿಸುವುದು ಲೂಥರನ್ನರಿಗೆ ನಾಲ್ಕನೆಯದು, ಬೇರೆ ಬಹುಪಾಲು ಪ್ರೊಟೆಸ್ಟೆಂಟರಿಗೆ ಐದನೆಯದು. ಬೇರೆ ಸಭೆಯಿಂದ ಬಂದ ಮಗುವಿಗೆ ಸಂಖ್ಯೆ ತಪ್ಪಿತೆಂದು ಅಂಕ ಕಳೆಯುವ ಮುನ್ನ ಇದು ನೆನಪಿರಲಿ.

ಆಜ್ಞೆಗಳ ಅರ್ಥ ಹೇಳುವ ರೀತಿಯನ್ನು ಹತ್ತಿರದಿಂದ ನೋಡಬೇಕು. ಸುಳ್ಳುಸಾಕ್ಷಿ ಹೇಳಬಾರದು ಎಂಬ ಎಂಟನೆಯ ಆಜ್ಞೆಗೆ ಲೂಥರ್ ಮೊದಲು ಬೇಡದ್ದನ್ನು ಹೇಳುತ್ತಾರೆ: ನೆರೆಯವನ ಬಗ್ಗೆ ಸುಳ್ಳಾಡುವುದು, ಅವನಿಗೆ ದ್ರೋಹ ಬಗೆಯುವುದು, ಅವನ ಹೆಸರು ಕೆಡಿಸುವುದು. ಅಲ್ಲಿಗೇ ನಿಲ್ಲುವುದಿಲ್ಲ. ಅವನ ಪರವಾಗಿ ಮಾತಾಡಬೇಕು, ಅವನ ಬಗ್ಗೆ ಒಳ್ಳೆಯದನ್ನು ಹೇಳಬೇಕು, ಅವನು ಮಾಡಿದ್ದಕ್ಕೆ ಆದಷ್ಟು ಒಳ್ಳೆಯ ಅರ್ಥವನ್ನೇ ಕಲ್ಪಿಸಬೇಕು. ಬೇಡ ಎಂಬ ಆಜ್ಞೆಯೊಳಗೆ ಹೀಗೆ ಮಾಡು ಎಂಬುದು ಅಡಗಿದೆ. ಸಭೆಯೊಳಗಿನ ಗಾಸಿಪ್ಪಿಗೆ ಇದಕ್ಕಿಂತ ಒಳ್ಳೆಯ ಮದ್ದನ್ನು ನಾನು ಕಂಡಿಲ್ಲ. ದೀಕ್ಷಾಸ್ನಾನದ ನಂಬಿಕೆಯನ್ನು ತಾವೇ ಬಾಯಾರೆ ಒಪ್ಪಿಕೊಳ್ಳುವ ದೃಢೀಕರಣಕ್ಕೆ ಸಿದ್ಧರಾಗುವ ಹದಿಮೂರು ಹದಿನಾಲ್ಕರ ಮಕ್ಕಳಿಗಿಂತ ಸಮಿತಿಯ ಸಭೆಗೆ ಕೂರುವ ದೊಡ್ಡವರಿಗೆ ಇದು ಹೆಚ್ಚು ಬೇಕು. ಅದೇ ಪುಸ್ತಕದಲ್ಲಿ ಬೆಳಗಿನ, ರಾತ್ರಿಯ ಪ್ರಾರ್ಥನೆಗಳೂ ಇವೆ. ಬೆಳಗ್ಗೆ ಪ್ರಾರ್ಥಿಸಿ, ಒಂದು ಹಾಡು ಹೇಳಿಕೊಂಡು ಸಂತೋಷದಿಂದ ಕೆಲಸಕ್ಕೆ ಹೋಗು. ರಾತ್ರಿ ಪ್ರಾರ್ಥಿಸಿ ನೆಮ್ಮದಿಯಾಗಿ ಕೂಡಲೇ ನಿದ್ದೆ ಮಾಡು. ಆ "ಕೂಡಲೇ" ನನಗೆ ಬಹಳ ಇಷ್ಟ. ದಿನದ ಲೆಕ್ಕವನ್ನು ಕ್ಷಮಿಸುವವನ ಕೈಗೆ ಕೊಟ್ಟಾದ ಮೇಲೆ ಎಚ್ಚರವಿದ್ದು ಮತ್ತೆ ಕೂಡಿ ಕಳೆಯುವುದಕ್ಕೆ ಏನಿದೆ?

ಹಾಡು ಅಂದ ಮೇಲೆ ಒಂದು ಮಾತು. 1524ರಲ್ಲಿ ಬಂದ ಮೊದಲ ಲೂಥರನ್ ಗೀತೆಗಳ ಪುಸ್ತಕದಲ್ಲಿದ್ದದ್ದು ಎಂಟೇ ಹಾಡು, ಅದರಲ್ಲಿ ನಾಲ್ಕು ಲೂಥರರವು. ಸಭೆಯೇ ಹಾಡಬೇಕು, ಗಾಯಕರ ತಂಡ ನೆರವಿಗೆ. ಹೊಸ ಗೀತೆಯನ್ನು ತರುವಾಗ ಮೊದಲ ಚರಣವನ್ನು ತಂಡ ಒಂದೇ ಹಾಡಲಿ, ಉಳಿದದ್ದನ್ನು ಎಲ್ಲರೂ. ಅದನ್ನೇ ಮೂರು ಭಾನುವಾರ ಬಿಡದೆ ಹಾಡಿಸಿ. ಒಮ್ಮೆ ಹಾಡಿಸಿ ಆರು ತಿಂಗಳು ಬಿಟ್ಟರೆ ಅದು ಕೊನೆಯವರೆಗೂ ಹೊಸ ಹಾಡೇ. ಶ್ರುತಿ ಏರಿದರೆ ಗಂಡಸರು ಬಾಯಿ ಮುಚ್ಚುತ್ತಾರೆ, ಇಳಿಸಿಕೊಳ್ಳಿ.

ಹಣದ ವಿಷಯದಲ್ಲಿ ಲೂಥರನ್ ಚರಿತ್ರೆ ನಮಗೆ ಒಂದು ಪೆಟ್ಟಿಗೆಯನ್ನು ಬಿಟ್ಟುಹೋಗಿದೆ. ನೀತಿಯನ್ನು ದೇವರು ಬಿಟ್ಟಿಯಾಗಿ ಕೊಟ್ಟ ಮೇಲೆ ನಮ್ಮ ಒಳ್ಳೆಯ ಕ್ರಿಯೆಗಳು ಅವನಿಗೆ ಬೇಕಿಲ್ಲ, ನೆರೆಯವನಿಗೆ ಬೇಕು. 1523ರಲ್ಲಿ ಸ್ಯಾಕ್ಸನಿಯ ಲೈಸ್ನಿಗ್ ಎಂಬ ಸಣ್ಣ ಪಟ್ಟಣದ ಸಭೆ ಸಾಮಾನ್ಯ ನಿಧಿಯ ಪೆಟ್ಟಿಗೆಗೆ ನಿಯಮಾವಳಿ ಮಾಡಿತು, ಲೂಥರ್ ಅದಕ್ಕೆ ಮುನ್ನುಡಿ ಬರೆದು ಅಚ್ಚು ಹಾಕಿಸಿದರು. ಪೆಟ್ಟಿಗೆಗೆ ನಾಲ್ಕು ಬೇರೆ ಬೇರೆ ಬೀಗ. ಕೀಲಿಗಳು ನಾಲ್ಕು ವರ್ಗದವರ ಕೈಯಲ್ಲಿ: ಶ್ರೀಮಂತ ಮನೆತನ, ನಗರ ಸಮಿತಿ, ಪಟ್ಟಣದ ಸಾಮಾನ್ಯರು, ಹಳ್ಳಿಯ ರೈತರು. ಹತ್ತು ಜನ ಮೇಲ್ವಿಚಾರಕರು, ಅವರಲ್ಲಿ ಆರು ಜನ ಸಾಮಾನ್ಯರು ಮತ್ತು ರೈತರು. ಪ್ರತಿ ಭಾನುವಾರ ಕೂರಬೇಕು, ವರ್ಷಕ್ಕೆ ಮೂರು ಸಲ ಇಡೀ ಸಭೆಯ ಮುಂದೆ ಲೆಕ್ಕ ಇಡಬೇಕು. ಪಾಸ್ಟರ್ ಸಂಬಳ, ಶಾಲೆಯ ಉಪಾಧ್ಯಾಯರ ಸಂಬಳ, ಕಟ್ಟಡದ ದುರಸ್ತಿ, ಅನಾಥರು, ಮುದುಕರು, ಬರಗಾಲಕ್ಕೆ ಧಾನ್ಯ, ಕಸುಬು ಹೂಡುವವರಿಗೆ ಸಾಲ, ಎಲ್ಲ ಇದರಿಂದಲೇ. ನಿಯಮ ಇಷ್ಟು ಚೆನ್ನಾಗಿದ್ದರೂ ಕೆಲಸ ಕುಂಟಿತು: ಹಳೆಯ ದತ್ತಿಗಳ ಹಣವನ್ನು ನಗರ ಸಮಿತಿ ಬಿಟ್ಟುಕೊಡಲೇ ಇಲ್ಲ.

ಕಾಣಿಕೆ ಎಣಿಸುವಾಗ ಆ ನಾಲ್ಕು ಬೀಗಗಳನ್ನು ನೆನೆಯಬೇಕು. ಸಂಬಂಧಿಕರಲ್ಲದ ಇಬ್ಬರು, ಅದೇ ದಿನ, ಅದೇ ಕಟ್ಟಡದಲ್ಲಿ ಎಣಿಸಿ, ಚೀಟಿಯಲ್ಲಿ ನೋಟು ನಾಣ್ಯ ಬೇರೆ ಬೇರೆ ಬರೆದು ಇಬ್ಬರೂ ಸಹಿ ಹಾಕಬೇಕು. ಎಣಿಸಿದವರು, ಬ್ಯಾಂಕಿಗೆ ಕಟ್ಟುವವರು, ಪುಸ್ತಕ ಬರೆಯುವವರು ಮೂವರೂ ಬೇರೆ ಇರಲಿ. ಪಾಸ್ಟರ್ ಹಣ ಮುಟ್ಟದಿರುವುದು ಅವರ ಹೆಸರಿಗೇ ಕಾವಲು. "ನಮ್ಮವರೇ ಅಲ್ಲವೇ, ಇಷ್ಟೆಲ್ಲ ಯಾಕೆ" ಎಂಬ ಮಾತು ಎಲ್ಲಿ ಕೇಳಿಬರುತ್ತದೋ ಅಲ್ಲಿ ಐದಾರು ವರ್ಷದಲ್ಲಿ ಜಗಳ ಖಂಡಿತ. ಮನುಷ್ಯ ಏಕಕಾಲಕ್ಕೆ ನೀತಿವಂತನೂ ಪಾಪಿಯೂ ಎಂದು ಬೋಧಿಸುವ ಸಭೆ ಖಜಾಂಚಿಯ ಬಗ್ಗೆ ಮಾತ್ರ ಅರ್ಧವನ್ನೇ ನಂಬಿದರೆ ಹೇಗೆ?

ಪಾಸ್ಟರನ್ನು ಸಭೆ ನೌಕರಿಗೆ ಸೇರಿಸಿಕೊಳ್ಳುವುದಿಲ್ಲ, ಕರೆಯುತ್ತದೆ. ಕ್ರಮಬದ್ಧವಾದ ಕರೆ ಇಲ್ಲದೆ ಯಾರೂ ಬಹಿರಂಗವಾಗಿ ಬೋಧಿಸಬಾರದು, ಸಂಸ್ಕಾರ ನಡೆಸಬಾರದು ಎನ್ನುತ್ತದೆ ಆಗ್ಸ್‌ಬರ್ಗ್ ಅರಿಕೆಯ 14ನೆಯ ಲೇಖ. ವಿಶ್ವಾಸಿಗಳೆಲ್ಲರೂ ಯಾಜಕರೇ, ಎಲ್ಲರೂ ದೇವರ ಮುಂದೆ ನೇರ ನಿಲ್ಲಬಹುದು. ಆ ಕಾರಣಕ್ಕೇ ಎಲ್ಲರ ಪರವಾಗಿ ಒಬ್ಬರು ನಿಲ್ಲಬೇಕಾದರೆ ಎಲ್ಲರ ಒಪ್ಪಿಗೆ ಬೇಕು. ಕರೆ ಪತ್ರದಲ್ಲಿ ಸಂಬಳ, ವಸತಿ, ರಜೆ, ಪ್ರಯಾಣ ಖರ್ಚುಗಳನ್ನೆಲ್ಲ ಬಿಡಿಸಿ ಬರೆಯಬೇಕು. "ಆಮೇಲೆ ನೋಡಿಕೊಳ್ಳೋಣ" ಎಂದು ಬಿಟ್ಟ ಸಾಲುಗಳೇ ಮುಂದೆ ಮನಸ್ತಾಪಕ್ಕೆ ಮೂಲ.

ಸಭೆಯ ವರ್ಷದ ಚಕ್ರ ಕ್ರಿಸ್ಮಸ್‌ಗೆ ಕಾಯುವ ಆಗಮನ ಕಾಲದಿಂದ ಶುರು, ನವೆಂಬರ್ 30ಕ್ಕೆ ಅತಿ ಹತ್ತಿರದ ಭಾನುವಾರ. ಪರದೆ, ನಿಲುವಂಗಿಗಳ ಬಣ್ಣ ಆಗಮನಕ್ಕೆ ನೀಲಿ ಅಥವಾ ನೇರಳೆ, ಕ್ರಿಸ್ಮಸ್‌ಗೂ ಈಸ್ಟರ್‌ಗೂ ಬಿಳಿ, ಈಸ್ಟರ್‌ಗೆ ಮುಂಚಿನ ಶ್ರಮೆಯ ದಿನಗಳಿಗೆ ನೇರಳೆ, ಪವಿತ್ರಾತ್ಮ ಇಳಿದುಬಂದ ಪಂಚಾಶತ್ತಮಕ್ಕೂ ಅಕ್ಟೋಬರ್ 31ರ ಸುಧಾರಣೆಯ ದಿನಕ್ಕೂ ಕೆಂಪು, ಉಳಿದ ಉದ್ದನೆಯ ತಿಂಗಳುಗಳಿಗೆ ಹಸಿರು. ಆಗಮನದ ಮಾಲೆಯ ದೀಪಗಳನ್ನು 1839ರಲ್ಲಿ ಹ್ಯಾಂಬರ್ಗ್‌ನ ಲೂಥರನ್ ದೇವಶಾಸ್ತ್ರಜ್ಞ ಯೊಹಾನ್ ಹಿನ್ರಿಕ್ ವಿಕರ್ನ್ ಶುರು ಮಾಡಿದ್ದು ತಾನು ಸಾಕುತ್ತಿದ್ದ ಬಡಮಕ್ಕಳಿಗೆ ಕ್ರಿಸ್ಮಸ್‌ಗೆ ಎಷ್ಟು ದಿನ ಉಳಿದಿದೆ ಎಂದು ತೋರಿಸಲು.

ಲೂಥರರ ಹೆಸರು ಹೊತ್ತ ಸಭೆ ಅವರ ಕತ್ತಲೆಯನ್ನೂ ಹೆಸರಿಸಬೇಕು. 1525ರಲ್ಲಿ ದಂಗೆಯೆದ್ದ ರೈತರನ್ನು ಕೊಲ್ಲಿರೆಂದು ಬರೆದರು. 1543ರಲ್ಲಿ ಯೆಹೂದ್ಯರ ಪ್ರಾರ್ಥನಾಮಂದಿರಗಳನ್ನು ಸುಡಿರೆಂದು ಬರೆದರು, ನಾಲ್ಕು ಶತಮಾನದ ಮೇಲೆ ನಾಜಿಗಳು ಅದನ್ನು ಎತ್ತಿ ತೋರಿಸಿದರು. 1947ರಲ್ಲಿ ಸ್ವೀಡನ್ನಿನ ಲುಂಡ್‌ನಲ್ಲಿ ಹುಟ್ಟಿದ ಲೂಥರನ್ ವಿಶ್ವ ಒಕ್ಕೂಟವೂ ಅದರ ಹಲವು ಸಭೆಗಳೂ ಆ ಬರಹಗಳನ್ನು ಬಹಿರಂಗವಾಗಿ ತಳ್ಳಿಹಾಕಿವೆ. ದೃಢೀಕರಣದ ತರಗತಿಯಲ್ಲಿ ಒಂದು ಪಾಠವನ್ನಾದರೂ ಇದಕ್ಕೆ ಇಡಬೇಕು. ಮಕ್ಕಳು ಬೇರೆ ಕಡೆ ಇದನ್ನು ಓದಿ ಬರುವ ಮೊದಲು ಸಭೆಯೇ ಹೇಳಿರಬೇಕು. 1999ರ ಅಕ್ಟೋಬರ್ 31ರಂದು ಅದೇ ಆಗ್ಸ್‌ಬರ್ಗ್‌ನಲ್ಲಿ ಈ ಒಕ್ಕೂಟ ಮತ್ತು ಕ್ಯಾಥೊಲಿಕ್ ಸಭೆ ನೀತಿನಿರ್ಣಯದ ಬಗ್ಗೆ ಜಂಟಿ ಘೋಷಣೆಗೆ ಸಹಿ ಹಾಕಿದವು. ಅದೂ ಆ ಪಾಠದಲ್ಲಿರಲಿ.

ಆರಾಧನೆಯ ಕೊನೆಗೆ ಅರಣ್ಯಕಾಂಡ 6:24-26ರ ಆಶೀರ್ವಾದ. 1523ರ ತಮ್ಮ ಆರಾಧನಾ ಕ್ರಮದಲ್ಲಿ ಲೂಥರ್ ಇದನ್ನು ಸೂಚಿಸಿದ್ದು, ಸ್ವತಃ ದೇವರೇ ನೇಮಿಸಿ ಕೊಟ್ಟ ಮಾತು ಎಂಬ ಕಾರಣಕ್ಕೆ. ಹೀಬ್ರೂ ಮೂಲದಲ್ಲಿ ಅದು ಏಕವಚನ: "ನಿನ್ನನ್ನು" ಆಶೀರ್ವದಿಸಿ ಕಾಪಾಡಲಿ. ಹಿರಿಯರು ಕೂತಿರುವ ಸಭೆಗೆ "ನೀನು" ಎನ್ನುವುದು ಹೇಗೆಂದು ಕೆಲವರು "ನಿಮ್ಮನ್ನು" ಎಂದು ಬದಲಿಸುತ್ತಾರೆ. ಆ ಮರ್ಯಾದೆ ಅರ್ಥವಾಗುತ್ತದೆ. ಆದರೂ ಇಲ್ಲಿ ಏಕವಚನವನ್ನೇ ಉಳಿಸಿಕೊಳ್ಳಿ. ಇಲ್ಲಿ ಪಾಸ್ಟರ್ ಬಾಯಿ ಮಾತ್ರ, ಮಾತು ದೇವರದು. ನೂರು ಜನರ ಗುಂಪಿಗಲ್ಲ, ಮೂರನೆಯ ಬೆಂಚಿನ ತುದಿಯಲ್ಲಿ ಕೂತ ಆ ಒಬ್ಬರಿಗೆ, ಹೆಸರು ಹಿಡಿದು ಕರೆದಂತೆ ತಲುಪಬೇಕು. ಕೈಗಳನ್ನು ಎತ್ತಿ, ಮೂರು ಸಾಲುಗಳ ನಡುವೆ ಉಸಿರು ತೆಗೆದುಕೊಳ್ಳುವಷ್ಟು ಬಿಡುವು ಕೊಟ್ಟು, ಪುಸ್ತಕ ನೋಡದೆ ಜನರ ಮುಖ ನೋಡಿ ಹೇಳಬೇಕು. ಆಮೆನ್ ಆದ ಮೇಲೆಯೇ ಮೇಜಿನ ದೀಪಗಳನ್ನು ಆರಿಸುವುದು, ಹಚ್ಚಿದ ಕ್ರಮಕ್ಕೆ ಹಿಂದುಮುಂದಾಗಿ.